ಗೋಡೆಗಳಿಗೆ ವಿಳಾಸ ಬರೆದವನು

ಹೆಗಲ ಮೇಲೆ ಸದಾ ಒಂದು ಸುತ್ತು ವೈರು ನೇತಾಡುತ್ತಿದ್ದುದರಿಂದ ನಮ್ಮ ಕಾಗದದ ಕಾರ್ಖಾನೆಯಲ್ಲಿ ಎಲ್ಲರೂ ಅವನನ್ನು ಸುರುಳಿ ಎಂದೇ ಕರೆಯುತ್ತಿದ್ದರು. ಅವನು ಫೋನುಗಳನ್ನು ನೋಡಿಕೊಳ್ಳುವ ವೈರ್‌ಮನ್, ನಾನು ಪ್ರಥಮ ಚಿಕಿತ್ಸೆ ಕೋಣೆಯ ನರ್ಸು. ತಂತಿ ಜೋಡಿಸುವುದು, ತುಕ್ಕು ಉಜ್ಜುವುದು, ಇಲಿ ಕಡಿದ ಜಾಗ ಹುಡುಕುವುದು, ಇಪ್ಪತ್ತು ವರ್ಷ ಇಷ್ಟೇ ಅವನ ವಿದ್ಯೆ. ಅದರಲ್ಲಿ ಅವನಿಗೆ ಎದುರಿರಲಿಲ್ಲ.

ಅವನಿಗೆ ನಲವತ್ತೇಳು ತುಂಬಿದ ವರ್ಷ ಹಳೆಯ ಫೋನುಗಳನ್ನೆಲ್ಲ ಕಿತ್ತು ಇಂಟರ್ನೆಟ್ಟಿನ ಮೇಲೆ ಓಡುವ ಫೋನುಗಳನ್ನು ತಂದರು. ಹೊರಗಿನ ಕಂಪನಿಯವರು ಹದಿನೈದು ದಿನದಲ್ಲಿ ಎಲ್ಲ ಕೂರಿಸಿ ಹೊರಟುಹೋದರು. ಸುರುಳಿಗೆ ಅವರು ಹೇಳಿಕೊಟ್ಟದ್ದು ಒಂದೇ ಮಾತು: "ಫೋನನ್ನ ಎಲ್ಲಿಗಾದ್ರೂ ಎತ್ಕೊಂಡು ಹೋಗಿ ಚುಚ್ಚಿ, ನಂಬರ್ ಅದರ ಜೊತೇಲೇ ಬರುತ್ತೆ."

ಕೆಲವು ತಿಂಗಳಾದ ಮೇಲೆ ಉಗ್ರಾಣವನ್ನು ಎರಡನೇ ಶೆಡ್ಡಿನಿಂದ ಆರನೇ ಶೆಡ್ಡಿಗೆ ಸಾಗಿಸಿದರು. "ನನ್ನ ಫೋನೂ ಅಲ್ಲಿಗೆ ಹಾಕ್ಕೊಡಪ್ಪ" ಎಂದರು ಸ್ಟೋರ್‌ಕೀಪರ್. ಸುರುಳಿ ಫೋನನ್ನು ಬಗಲಲ್ಲಿಟ್ಟುಕೊಂಡು ಹೋಗಿ ಅಲ್ಲಿನ ಗೋಡೆಯ ಸಾಕೆಟ್ಟಿಗೆ ಚುಚ್ಚಿದ. "ನೋಡಿ ಸಾರ್, ಬೆಣ್ಣೆಯಿಂದ ಕೂದಲು ತೆಗೆದ ಹಾಗೆ" ಎಂದು ನಕ್ಕನಂತೆ.

ಒಂಬತ್ತು ದಿನದ ಮೇಲೆ, ಬೆಳಿಗ್ಗೆ ಹನ್ನೊಂದರ ಹೊತ್ತಿಗೆ, ನನ್ನ ಮೇಜಿನ ತುರ್ತು ಫೋನು ಹೊಡೆದುಕೊಂಡಿತು. ಎತ್ತಿದರೆ ಬರೀ ಉಸಿರಿನ ಸದ್ದು. ಪರದೆಯ ಮೇಲೆ 'ಉಗ್ರಾಣ, ಎರಡನೇ ಶೆಡ್' ಎಂದು ಬಂದಿತ್ತು. ಸ್ಟ್ರೆಚರಿನವರನ್ನು ಕರೆದುಕೊಂಡು ಎದ್ದೆನೋ ಬಿದ್ದೆನೋ ಎಂದು ಓಡಿದೆ. ಅಲ್ಲಿ ಖಾಲಿ ಕಪಾಟುಗಳು. ಉಗ್ರಾಣ ಬದಲಾದದ್ದು ನನಗೆ ಗೊತ್ತಿರಲಿಲ್ಲವೆಂದಲ್ಲ. ಆ ಗಳಿಗೆಯಲ್ಲಿ ತಲೆಗೆ ಹೊಳೆಯಲಿಲ್ಲ, ಪರದೆಯನ್ನೇ ನಂಬಿದೆ. ಆರನೇ ಶೆಡ್ಡು ಮುಟ್ಟುವಷ್ಟರಲ್ಲಿ ಹನ್ನೊಂದು ನಿಮಿಷ ಕಳೆದಿತ್ತು. ಸ್ಟೋರ್‌ಕೀಪರ್ ಕುರ್ಚಿಯ ಪಕ್ಕ ಬಿದ್ದಿದ್ದರು. ಎದೆ ಒತ್ತಿದೆ, ಒತ್ತುತ್ತಲೇ ಇದ್ದೆ. ಅವರು ಏಳಲಿಲ್ಲ.

ಬೇಗ ಹೋಗಿದ್ದರೂ ಉಳಿಯುತ್ತಿದ್ದರೆಂದು ಹೇಳಲಾಗದು ಎಂದರು ಡಾಕ್ಟರು. ಸುರುಳಿಯನ್ನು ಯಾರೂ ಬೈಯಲಿಲ್ಲ. ನಂಬರಿಗೆ ಅಂಟಿಕೊಂಡ ಜಾಗದ ಹೆಸರನ್ನು ಬೇರೆಯಾಗಿ ತಿದ್ದಬೇಕೆಂದು ಅವನಿಗೆ ಹೇಳಿದವರೂ ಇರಲಿಲ್ಲ. ವಾರ ಕಳೆದ ಮೇಲೆ ಅವನು ನನ್ನ ಕೋಣೆಯ ಬಾಗಿಲಲ್ಲಿ ನಿಂತ. ಹೆಗಲು ಬರಿದಾಗಿತ್ತು.

"ಸಿಸ್ಟರ್, ಅವ್ರ ಮನೆಗೆ ಹೋಗ್ಬೇಕು. ಒಬ್ನೇ ಹೋಗೋಕೆ ಕಾಲು ಬರ್ತಿಲ್ಲ."

ಇಬ್ಬರೂ ಹೋದೆವು. ಸ್ಟೋರ್‌ಕೀಪರ್ ಅವರ ಹೆಂಡತಿ ಕೂರಲು ಹೇಳಿದರೂ ಸುರುಳಿ ಕೂರಲಿಲ್ಲ.

"ಫೋನ್ ಬದಲಾಯ್ಸಿದ್ದು ನಾನಮ್ಮ. ಜಾಗದ ಹೆಸರೂ ಬದಲಾಯ್ಸಬೇಕು ಅಂತ ಗೊತ್ತಿರ್ಲಿಲ್ಲ."

ಆಕೆ ಕೇಳಿದರು: "ಈಗ ಗೊತ್ತಾ, ಹೆಂಗೆ ಬದಲಾಯ್ಸೋದು ಅಂತ?"

"ಇಲ್ಲಮ್ಮ."

"ಹಾಗಾದ್ರೆ ಕಲ್ತ್ಕೋ ಹೋಗು."

ಅವನು ಭಾನುವಾರದ ತರಗತಿಗೆ ಸೇರಿದ. ದೊಡ್ಡ ದೊಡ್ಡ ಕಚೇರಿಗಳಿಗೆ ಇಂಟರ್ನೆಟ್ ಫೋನಿನ ಜಾಲ ಹೆಣೆಯುವುದನ್ನು ಅಲ್ಲಿ ಕಲಿಸುತ್ತಿದ್ದರು. ಟೀಚರಿಗೆ ಅವನ ಮಗಳ ವಯಸ್ಸು. ಜೊತೆಯವರೆಲ್ಲ ಅವನನ್ನು ಅಂಕಲ್ ಎನ್ನುತ್ತಿದ್ದರು. ಪಾಠ ಕಬ್ಬಿಣದ ಕಡಲೆ. ಮೊದಲ ಪರೀಕ್ಷೆಯಲ್ಲಿ ಫೇಲಾದ, ಎರಡನೆಯದರಲ್ಲೂ ಫೇಲಾದ. ಬಿಟ್ಟುಬಿಡುತ್ತೇನೆಂದು ಹೋದವನನ್ನು ಟೀಚರ್ ಎದುರಿಗೆ ಕೂರಿಸಿಕೊಂಡರಂತೆ.

"ಅಂಕಲ್, ಹಳೇ ಫೋನ್ ಮರೆತ್ಬಿಡಿ. ಇಲ್ಲಿ ಮಾತು ಚೂರುಚೂರಾಗಿ, ಪೊಟ್ಟಣ ಕಟ್ಕೊಂಡು ಹೋಗುತ್ತೆ. ಅದೇ ದಾರೀಲಿ ಬೇರೆ ಫೈಲ್‌ಗಳೂ ನುಗ್ತಿರ್ತವೆ. ಫೈಲ್ ತಡವಾದ್ರೆ ನಡೆಯುತ್ತೆ, ಮಾತು ತಡವಾದ್ರೆ ಅದು ಮಾತೇ ಅಲ್ಲ. ಮೊದಲು ಮಾತಿಗೆ ದಾರಿ ಬಿಡು ಅಂತ, ತಂತಿಗಳೆಲ್ಲ ಬಂದು ಸೇರೋ ಆ ಸ್ವಿಚ್ ಪೆಟ್ಟಿಗೆಗೆ ಹೇಳೋರು ನೀವೇ."

ಆಮೇಲೆ ಅವನು ಗುಜರಿಯಿಂದ ಒಂದು ಸ್ವಿಚ್ಚು ತಂದು, ಹಜಾರದಲ್ಲೊಂದು ಅಡುಗೆಮನೆಯಲ್ಲೊಂದು ಫೋನಿಟ್ಟು, ಹೆಂಡತಿಗೆ ಒಂದರಿಂದ ನೂರು ಎಣಿಸಲು ಹೇಳಿದ. ದಾರಿಗೆ ಬೇಕೆಂದೇ ದೊಡ್ಡ ಫೈಲು ನುಗ್ಗಿಸಿದರೆ ಮೂವತ್ತೆರಡು ಆದ ಮೇಲೆ ಮೂವತ್ತಾರು ಕೇಳಿಸುತ್ತಿತ್ತು. ಮಾತಿಗೆ ದಾರಿ ಬಿಡಿಸಿದ ದಿನ ನೂರೂ ಕೇಳಿಸಿದವು. ಅವನ ಹೆಂಡತಿ ಒಮ್ಮೆ ನನಗೆ ಹೇಳಿದಳು: "ಮದುವೆ ಆದಾಗಿಂದ ನನ್ನ ಮಾತನ್ನ ಇಷ್ಟು ಕಿವಿಗೊಟ್ಟು ಕೇಳಿದ್ದು ಇದೇ ಮೊದ್ಲು ಸಿಸ್ಟರ್. ಅದೂ ಬರೀ ಅಂಕಿ!" ನಗುತ್ತಾ ಶುರು ಮಾಡಿದವಳು ಕೊನೆಗೆ ಕಣ್ಣು ಒರೆಸಿಕೊಂಡಳು. ಆ ವರ್ಷವಿಡೀ ಅವನು ಮನೆಯಲ್ಲಿ ಬೇರೆ ಮಾತೇ ಆಡಿರಲಿಲ್ಲವಂತೆ.

ಮೂರನೆಯ ಸಲ ಪಾಸಾದ. ನೇರ ಮ್ಯಾನೇಜರ್ ಹತ್ತಿರ ಹೋಗಿ, ಜಾಗದ ಹೆಸರು ಫೋನಿಗೆ ಅಂಟಿರಬಾರದು, ಗೋಡೆಯ ಸಾಕೆಟ್ಟಿಗೆ ಅಂಟಿರಬೇಕು ಎಂದ. "ಫೋನ್ ಓಡಾಡುತ್ತೆ ಸಾರ್, ಗೋಡೆ ಓಡಾಡಲ್ಲ."

"ಕಂಪನಿಯೋರನ್ನೇ ಕರೆಸೋಣ ಬಿಡೋ."

"ಕರೆಸಿ ಸಾರ್. ಅವ್ರು ಹೋದ್ಮೇಲೆ ಇಲ್ಲಿ ಇರೋನು ನಾನು."

ಮ್ಯಾನೇಜರ್ ಅವನ ಮುಖ ನೋಡಿ ಒಪ್ಪಿಕೊಂಡರು.

ಏಳು ಶೆಡ್ಡು, ನಾನೂರ ಹನ್ನೆರಡು ಸಾಕೆಟ್ಟು. ಕಪಾಟಿನ ಹಿಂದೆ, ಯಂತ್ರದ ಸಂದಿಯಲ್ಲಿ, ಕಾಗದದ ಧೂಳು ಬೆರಳುದ್ದ ಕೂತ ಮೂಲೆಗಳಲ್ಲಿ ಅವನು ಮಂಡಿಯೂರಿ ತೆವಳಿ ಒಂದೊಂದನ್ನೂ ಹುಡುಕಿ, ಯಾವ ಸಾಕೆಟ್ಟಿನ ತಂತಿ ಯಾವ ಸ್ವಿಚ್ಚಿನ ಯಾವ ತೂತಿಗೆ ಹೋಗುತ್ತದೆಂದು ಬರೆದುಕೊಂಡ. ಅದನ್ನೆಲ್ಲ ಕಂಪ್ಯೂಟರಿಗೆ ತುಂಬಿದ. ಆಮೇಲೆ ಐದು ವಾರ, ಊಟದ ಬಿಡುವಿನಲ್ಲಿ, ಒಂದೊಂದು ಸಾಕೆಟ್ಟಿನಿಂದ ನನಗೆ ತುರ್ತು ಕರೆ ಮಾಡಿದ. ಅವನು ಎಲ್ಲಿದ್ದಾನೆಂದು ಹೇಳುತ್ತಿರಲಿಲ್ಲ, ಪರದೆ ನೋಡಿ ನಾನೇ ಹೇಳಬೇಕಿತ್ತು.

"ನಾಲ್ಕನೇ ಶೆಡ್, ತೂಕದ ಯಂತ್ರದ ಎಡಕ್ಕೆ."

"ಸರಿ ಸಿಸ್ಟರ್."

ತಪ್ಪಿದ್ದು ಹದಿನೇಳು. ಹದಿನೇಳನ್ನೂ ತಿದ್ದಿದ.

ಅದಾದ ಎರಡು ವರ್ಷ ಯಾರೂ ತುರ್ತು ಕರೆ ಮಾಡಲಿಲ್ಲ. ಒಂದು ಮಧ್ಯಾಹ್ನ ಫೋನು ಹೊಡೆದುಕೊಂಡಿತು. ಕಿರುಚಾಟ, ರಿಸೀವರು ಬಿದ್ದ ಸದ್ದು. 'ಕ್ಯಾಂಟೀನ್, ಹಿಂಬಾಗಿಲು' ಎಂದಿತು ಪರದೆ. ಎರಡು ನಿಮಿಷದಲ್ಲಿ ನಾವು ಅಲ್ಲಿದ್ದೆವು. ಒಲೆಯಿಂದ ಪರದೆಬಟ್ಟೆಗೆ ಹತ್ತಿದ ಬೆಂಕಿಯನ್ನು ಅಡುಗೆಯಾಕೆ ಅಷ್ಟರಲ್ಲೇ ಒದ್ದೆ ಗೋಣಿಚೀಲದಿಂದ ಬಡಿದು ಆರಿಸಿದ್ದಳು. ಯಾರಿಗೂ ಒಂದು ಬೊಬ್ಬೆಯೂ ಎದ್ದಿರಲಿಲ್ಲ.

ಸುರುಳಿ ಏದುಸಿರು ಬಿಡುತ್ತಾ ಬಂದು, ಒದ್ದೆ ನೆಲವನ್ನೂ ನನ್ನನ್ನೂ ನೋಡಿದ. ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದ.

"ಸಿಸ್ಟರ್, ಬೆಂಕಿ ಆಗ್ಲೇ ಆರಿದ್ದು ನೋಡಿ, ಜಾಗದ ಹೆಸರು ಸರಿಯಾಗಿ ಬಂದೂ ಉಪಯೋಗಕ್ಕೆ ಬರ್ಲಿಲ್ವಲ್ಲ ಅಂತ ಒಂದು ಗಳಿಗೆ ನಂಗೆ ಬೇಜಾರಾಯ್ತು. ಎಂಥಾ ಮನುಷ್ಯ ನಾನು!"

"ನಂಗೂ ಆಯ್ತು ಅಣ್ಣ" ಎಂದೆ.

ಅವನು ಮಂಡಿಯೂರಿ, ಸಾಕೆಟ್ಟಿನೊಳಗೆ ನೀರು ಹೋಗಿದೆಯೇ ಎಂದು ನೋಡತೊಡಗಿದ.