ಭೋಜನದ ಮುಂಚಿನ ಶನಿವಾರ

ನನ್ನ ಹೆಂಡತಿ ತೀರಿಕೊಂಡು ಒಂದು ಮಳೆಗಾಲ ಕಳೆಯಿತು. ಅವಳ ವಿಷಯವಾಗಿ ನಮ್ಮ ಕ್ರೈಸ್ತ ಸಭೆಯ ಜನ ಈಗ ಎರಡು ಬಗೆಯಾಗಿ ಮಾತಾಡುತ್ತಾರೆ. ಕೆಲವರು ಅವಳು ಕಲ್ಲುಮನಸ್ಸಿನವಳು ಎನ್ನುತ್ತಾರೆ. ಇನ್ನು ಕೆಲವರು, ಕೊನೆಗೆ ಎಲ್ಲವನ್ನೂ ಕ್ಷಮಿಸಿ ಹಗುರವಾಗಿ ಹೋದಳು ಎನ್ನುತ್ತಾರೆ. ಎರಡೂ ನಿಜವಲ್ಲ. ನಾನು ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆಯವರೆಗೆ ಓದಿದವನು. ದಾಂಡೇಲಿಯ ನಾಟಾ ಡಿಪೋದಲ್ಲಿ ಸಾಗವಾನಿ ದಿಮ್ಮಿಗಳನ್ನು ಅಳೆದು, ಅವುಗಳ ಮೇಲೆ ಸುತ್ತಿಗೆಯಿಂದ ನಂಬರು ಒತ್ತುವುದು ನನ್ನ ಕೆಲಸ. ಬರೆದು ರೂಢಿಯಿಲ್ಲ. ಆದರೂ ಅವಳ ಬಗ್ಗೆ ಸುಳ್ಳು ಉಳಿಯಬಾರದು ಎಂದು ಬರೆಯುತ್ತಿದ್ದೇನೆ. ಸುಳ್ಳನ್ನು ಅವಳು ಸಹಿಸುತ್ತಿರಲಿಲ್ಲ.

ನಮ್ಮದು ಚಿಕ್ಕ ಸಭೆ. ಪ್ರಾರ್ಥನೆಯ ಮನೆ ಹಳಿಯಾಳದಲ್ಲಿತ್ತು. ದಾಂಡೇಲಿಯಲ್ಲಿ ಕ್ರೈಸ್ತರ ಮನೆಗಳು ಬೆರಳೆಣಿಕೆಯಷ್ಟು. ಅಯ್ಯನವರು, ಅಂದರೆ ನಮ್ಮ ಪಾದ್ರಿಗಳು, ವರ್ಷಕ್ಕೆ ಕೆಲವು ಸಲ ಮಾತ್ರ ಧಾರವಾಡದ ಕಡೆಯಿಂದ ಬಂದು ಕರ್ತನ ಭೋಜನ ನಡೆಸುತ್ತಿದ್ದರು. ಒಂದು ತುಣುಕು ರೊಟ್ಟಿ, ಒಂದು ಗುಟುಕು ದ್ರಾಕ್ಷಾರಸ. ಅದಕ್ಕೆ ಮುಂಚಿನ ಶನಿವಾರ, ಉಳಿದ ದಿನಗಳಲ್ಲಿ ಸಭೆ ನಡೆಸುತ್ತಿದ್ದ ಉಪದೇಶಿಗಳು ಸೈಕಲ್ ತುಳಿಯುತ್ತ ಮನೆಮನೆಗೆ ಬಂದು, ಪ್ರತಿಯೊಬ್ಬರನ್ನೂ ಬೇರೆಬೇರೆಯಾಗಿ ಕೇಳುವುದು ಹಿರಿಯರ ಕಾಲದ ರೂಢಿ: "ಯಾರ ಮ್ಯಾಲರೆ ಸಿಟ್ಟು ಐತೇನು?" ಇಲ್ಲ ಎಂದವರು ಮರುದಿನ ಭೋಜನಕ್ಕೆ ಏಳಬಹುದು. ಇದೆ ಎಂದವರು ಮೊದಲು ಹೋಗಿ ಆ ಮನುಷ್ಯನೊಂದಿಗೆ ರಾಜಿಯಾಗಬೇಕು. ಹೊಲಸು ಮನಸ್ಸಿನಿಂದ ಆ ಬಟ್ಟಲನ್ನು ಮುಟ್ಟಬಾರದು.

ಎಲ್ಲರೂ ಇಲ್ಲ ಎಂದೇ ಹೇಳುತ್ತಿದ್ದರು. ಉಪದೇಶಿಗಳು ಸೈಕಲ್ಲಿನಿಂದ ಇಳಿಯುವ ಮುಂಚೆಯೇ ಹೇಳುವವರೂ ಇದ್ದರು. ನಮ್ಮ ಚಾಳಿನ ತುದಿಯಲ್ಲಿದ್ದ ಮುದುಕ ದರ್ಜಿಯೊಬ್ಬ ಮಾತ್ರ ಪ್ರತಿಸಲವೂ, "ಐತ್ರಿ, ತಿಗಣಿ ಮ್ಯಾಲ ಐತಿ. ರಾಜಿ ಆಗೂಣು ಅಂದ್ರ ಅವು ಒಲ್ಲೆ ಅಂತಾವ," ಎನ್ನುತ್ತಿದ್ದ. ಉಪದೇಶಿಗಳು, "ಮುದಿ ವಯಸ್ಸಿಗೆ ಹುಡುಗಾಟ ಬ್ಯಾಡೋ ಮಾರಾಯಾ," ಎಂದು ನಗುತ್ತ ಚಹಾ ಕುಡಿದು ಮುಂದಿನ ಮನೆಗೆ ಹೋಗುತ್ತಿದ್ದರು.

ಯುದ್ಧದ ವರ್ಷಗಳಲ್ಲಿ ಒಂದು ಕಾರ್ತಿಕದ ತಿಂಗಳು ನಮ್ಮ ಮಗಳಿಗೆ ಚಳಿಜ್ವರ ಬಂತು. ನಾಲ್ಕು ವರ್ಷದ ಮಗು, ನಮಗಿದ್ದ ಒಂದೇ ಮಗು. ಚಳಿಜ್ವರ ನಮ್ಮ ಕಡೆ ಹೊಸದಲ್ಲ. ಸೂಪಾ, ಜೋಯಿಡಾದ ಕಾಡಿನಿಂದ ಬರುವ ಗಾಡಿಯವರು ನಡುಗುತ್ತಲೇ ದಿಮ್ಮಿ ಇಳಿಸುತ್ತಿದ್ದರು. ಆದರೆ ಯುದ್ಧ ಬಂದ ಮೇಲೆ ಅದರ ಕ್ವಿನೈನ್ ಗುಳಿಗೆ ಎಲ್ಲಿಯೂ ಸಿಗದಂತಾಗಿತ್ತು. ದವಾಖಾನೆಯಲ್ಲಿ ಇಲ್ಲ ಎಂದರು. ನಾನು ಒಂದು ನಾಟಾ ಲಾರಿ ಹತ್ತಿ ಹಳಿಯಾಳಕ್ಕೆ ಹೋದೆ. ಲಾರಿ ಓಡಿಸುವ ಸಾಹೇಬರು ಮುಸಲ್ಮಾನರು, ಮಕ್ಕಳೊಂದಿಗರು. ದಾರಿಯಲ್ಲಿ ಎಲ್ಲಿಯೂ ನಿಲ್ಲಿಸದೆ ಗಾಡಿ ಓಡಿಸಿದರು.

ನಾನು ಅತ್ತ ಹೋದಾಗ ಇತ್ತ ನನ್ನ ಹೆಂಡತಿ ನನ್ನ ಅಕ್ಕನ ಮನೆಗೆ ಓಡಿದ್ದಳು. ಅಕ್ಕ ವಿಧವೆ. ತನ್ನ ಒಬ್ಬನೇ ಮಗನನ್ನು ಕಟ್ಟಿಕೊಂಡು ನಮ್ಮ ಚಾಳಿನಲ್ಲೇ ಮೊದಲ ಖೋಲಿಯಲ್ಲಿ ಇರುತ್ತಿದ್ದಳು. ಹಿಂದಿನ ಬೇಸಿಗೆಯಲ್ಲಿ ಅವಳ ಮಗನಿಗೆ ಜ್ವರ ಬಂದಾಗ ದವಾಖಾನೆಯವರು ಗುಳಿಗೆ ಕೊಟ್ಟಿದ್ದರು. ಅದರಲ್ಲಿ ಉಳಿದದ್ದು ಇದೆಯೇ ಎಂದು ಇವಳು ಕೇಳಿದಳು. ಅಕ್ಕ, "ಮುಗದು ಹ್ವಾದುವಲ್ಲ ತಂಗಿ," ಎಂದಳಂತೆ. ಇವಳು ಅಲ್ಲೇ ಸ್ವಲ್ಪ ಹೊತ್ತು ಕುಳಿತು, ನೀರು ಕುಡಿದು ಬಂದಳಂತೆ. ನಾನು ಹಳಿಯಾಳದಿಂದ ಬರಿಗೈಯಲ್ಲಿ ಬಂದೆ. ಮರುದಿನ ಮಗು ಹೋಯಿತು.

ಸ್ವಲ್ಪ ದಿನಗಳಲ್ಲಿ ಅಕ್ಕನ ಮಗನಿಗೂ ಜ್ವರ ಮರುಕಳಿಸಿತು. ಅವನು ಉಳಿದುಕೊಂಡ. ಆಗ ಯಾರೂ ಏನನ್ನೂ ಯೋಚಿಸಲಿಲ್ಲ. ಅವನ ಹಣೆಯ ಮೇಲೆ ಒದ್ದೆ ಬಟ್ಟೆ ಹಾಕುತ್ತ ನನ್ನ ಹೆಂಡತಿಯೇ ಕುಳಿತಿದ್ದಳು.

ಆಮೇಲಿನ ಭೋಜನದ ಮುಂಚಿನ ಶನಿವಾರ ಅವಳು ಹೊಸ್ತಿಲ ಬಳಿ ಮೊರ ಹಿಡಿದು ಅಕ್ಕಿ ಹಸನು ಮಾಡುತ್ತಿದ್ದಳು. ನಾನು ಒಳಗಿದ್ದೆ. ಅಕ್ಕ ಅಳುತ್ತ ಬಂದಳು. ಹಿಂದೆ ಸೈಕಲ್ ತಳ್ಳಿಕೊಂಡು ಉಪದೇಶಿಗಳು.

"ತಂಗಿ," ಎಂದಳು ಅಕ್ಕ, "ಆವತ್ತ ನಾ ಸುಳ್ಳ ಹೇಳಿದ್ದೆ. ಗುಳಿಗಿ ಇದ್ದುವು. ನನ್ನ ಹುಡುಗಗ ಮತ್ತ ಬಂದ್ರ ಏನ ಮಾಡ್ಲಿ ಅಂತ ಹೆದರಿಕಿ ಆತು. ಉಪದೇಶಿಗಳು ಕೇಳಿದ್ರು, ಬಾಯಿಗೆ ಬಂದು ಬಿಡ್ತು. ಹೋಗಿ ನಿನಗ ಹೇಳು ಅಂದ್ರು."

ನನ್ನ ಹೆಂಡತಿ ಮೊರವನ್ನು ಕೆಳಗಿಡಲಿಲ್ಲ. "ಎಲ್ಲಿ ಇಟ್ಟಿದ್ರಿ ಅಕ್ಕಾರ?"

"ಬೆಲ್ಲದ ಡಬ್ಬ್ಯಾಗ."

"ಆ ಡಬ್ಬಿ ಮುಂದ ಕುಂತ ನೀರು ಕುಡಿದ್ನಲ್ರಿ ನಾ."

ಅಕ್ಕ ಅವಳ ಕಾಲು ಹಿಡಿಯಲು ಬಂದಳು. ಇವಳು ಕಾಲು ಹಿಂದಕ್ಕೆಳೆದುಕೊಂಡಳು. ಉಪದೇಶಿಗಳು ಕಣ್ಣು ಮುಚ್ಚಿ ದೊಡ್ಡ ದನಿಯಲ್ಲಿ ಪ್ರಾರ್ಥಿಸಿದರು. ಒಂದು ಗಂಟು ಬಿಚ್ಚಿತು, ಒಂದು ಆತ್ಮ ಹಗುರಾಯಿತು ಎಂದು ದೇವರನ್ನು ಕೊಂಡಾಡಿದರು. ಅವರಲ್ಲಿ ಕಪಟವಿರಲಿಲ್ಲ, ನಿಜವಾಗಿಯೂ ಸಂತೋಷಪಟ್ಟಿದ್ದರು. ಕಣ್ಣು ತೆರೆದು, ರೂಢಿಯಂತೆ ಅವಳ ಕಡೆ ತಿರುಗಿದರು.

"ಈಗ ನೀ ಹೇಳು ತಾಯಿ. ಯಾರ ಮ್ಯಾಲರೆ ಸಿಟ್ಟು ಐತೇನು?"

"ಐತ್ರಿ," ಎಂದಳು.

"ಯಾವಾಗಿಂದ?"

"ಈಗಿಂದ."

ಆ ದಿನ ಸಂಜೆ ಅವಳು ನನಗೆ ಹೇಳಿದ ಮಾತು ಇದು: "ನಿಮ್ಮ ಅಕ್ಕ ತನ್ನ ಮನಸ್ಸು ತೊಳಕೊಂಡ್ಲು. ತೊಳದ ನೀರು ನನ್ನ ಒಲಿಯಾಗ ಚೆಲ್ಲಿ ಹ್ವಾದ್ಲು."

ಮರುದಿನ ಹಳಿಯಾಳದಲ್ಲಿ ಅಕ್ಕ ಭೋಜನಕ್ಕೆ ಎದ್ದಳು, ಇವಳು ಏಳಲಿಲ್ಲ. ಹೆಂಗಸರ ಸಾಲಿನಲ್ಲಿ ಚಾಪೆಯ ಮೇಲೆ ಕಾಲು ಮಡಚಿ, ಮುಂದೆ ಹೋಗುವವರಿಗೆ ದಾರಿ ಬಿಟ್ಟು ಕುಳಿತಳು. ಮುಂದಿನ ಸಲವೂ ಹಾಗೆಯೇ. ಅದರ ಮುಂದಿನ ಸಲವೂ ಹಾಗೆಯೇ. ಹೊರಗೆ ಬಂದಾಗ ಒಬ್ಬ ಹೆಂಗಸು ಚುಚ್ಚಿದಳು: "ಏನವ್ವಾ, ಕರ್ತನ ಭೋಜನಾನೂ ಒಲ್ಲೆ ಅಂದ್ರ ಮನ್ಯಾಗ ಹೊಟ್ಟಿ ತುಂಬೇತಿ ಕಾಣ್ತೈತಿ."

"ಇಲ್ಲವ್ವಾ," ಎಂದಳು ಇವಳು, "ಹಸದೇನಿ. ಹಸದ ಕುಂತೇನಿ."

ಅವಳು ಸುಮ್ಮನೆ ಸಿಟ್ಟನ್ನು ಸಾಕಿಕೊಂಡು ಕುಳಿತಳು ಎಂದು ತಿಳಿಯುವವರಿಗೆ ಅವಳ ಮುಂಜಾನೆಗಳು ಗೊತ್ತಿಲ್ಲ. ಒಲೆ ಹಚ್ಚುವ ಮುಂಚೆ, ಕತ್ತಲಲ್ಲೇ ಮೊಣಕಾಲೂರಿ ಅವಳು ಪ್ರಾರ್ಥಿಸುತ್ತಿದ್ದಳು. ಕ್ಷಮಿಸಿದ್ದೇನೆ ಎಂದು ಅವಳು ಒಂದು ದಿನವೂ ದೇವರಿಗೆ ಹೇಳಲಿಲ್ಲ. "ಕ್ಷಮಿಸೂ ಮನಸ್ಸರೆ ಕೊಡಪಾ," ಎಂದಷ್ಟೇ ಕೇಳುತ್ತಿದ್ದಳು. ಕೆರೆಯಿಂದ ನೀರು ತರುವಾಗ ಅಕ್ಕನ ಕೊಡವನ್ನೂ ತುಂಬಿ ತಂದಿಡುತ್ತಿದ್ದಳು. ಮೀನು ತಂದ ದಿನ ಒಂದು ಬಟ್ಟಲು ಸಾರು ಅಕ್ಕನ ಖೋಲಿಗೆ ಹೋಗುತ್ತಿತ್ತು. ಅಕ್ಕನಿಗೆ ಕಾಲು ಊದಿದಾಗ ಎಣ್ಣೆ ತಿಕ್ಕಿದವಳು ಇವಳೇ. ಅವಳಿಂದ ಆಗದೆ ಇದ್ದದ್ದು ಒಂದೇ. ಅಕ್ಕನ ಮಗನನ್ನು ಕಣ್ಣೆತ್ತಿ ನೋಡಲು ಅವಳಿಗೆ ಆಗುತ್ತಿರಲಿಲ್ಲ. ಹುಡುಗ ಬೆಳೆಯುತ್ತಿದ್ದ. ಅವನ ಅಂಗಿ ಗಿಡ್ಡವಾದದ್ದು, ಅವನ ದನಿ ಒಡೆದದ್ದು, ಎಲ್ಲವೂ ಅವಳಿಗೆ ಒಂದೊಂದು ಪೆಟ್ಟು. ಅವನು ಅಂಗಳಕ್ಕೆ ಬಂದರೆ ಅವಳು ಒಳಗೆ ಹೋಗುತ್ತಿದ್ದಳು.

ನಾನು ಇಬ್ಬರ ನಡುವಿನವನು. ನನಗೂ ಮಗಳು ಹೋಗಿದ್ದಳು. ಆದರೆ ಅಕ್ಕ ನನ್ನನ್ನು ಸೊಂಟದ ಮೇಲೆ ಹೊತ್ತು ಸಾಕಿದವಳು. ಅವಳ ಮೇಲೆ ಸಿಟ್ಟು ನನ್ನಲ್ಲಿ ನಿಲ್ಲಲಿಲ್ಲ, ದುಃಖ ಮಾತ್ರ ನಿಂತಿತು. ಒಂದು ಶನಿವಾರ ನಾನು ಹೆಂಡತಿಯನ್ನು ಬೇಡಿಕೊಂಡೆ.

"ಇಲ್ಲ ಅಂತ ಒಂದ್ ಮಾತು ಅಂದು ಬಿಡು. ಅನ್ಕೋತ ಅನ್ಕೋತ ಮನಸ್ಸೂ ಹಾದಿಗಿ ಬರ್ತೈತಿ."

"ಯಾರಿಗೆ ಅನ್ನಲ್ರಿ? ಉಪದೇಶಿಗಳಿಗೋ, ಅವರ ಹಿಂದ ನಿಂತಾವಗೋ? ಉಪದೇಶಿಗಳ ಕಣ್ಣಿಗೆ ಮಣ್ಣು ಹಾಕಬಹುದು."

"ಉಳದವ್ರೆಲ್ಲ ಹೇಳೂದಿಲ್ಲೇನು?"

"ಉಳದವ್ರ ಎದಿ ಉಳದವ್ರದು."

ಆಮೇಲೆ ಅಕ್ಕನೂ ಭೋಜನಕ್ಕೆ ಏಳುವುದನ್ನು ಬಿಟ್ಟಳು. "ಅಕಿ ತಗೊಳ್ಳೂತನಕ ನಾನೂ ಒಲ್ಲೆ," ಎಂದಳು. ಉಪದೇಶಿಗಳು ತಲೆ ಚಚ್ಚಿಕೊಂಡರು. ಅದನ್ನು ಕೇಳಿ ನನ್ನ ಹೆಂಡತಿಗೆ ಸಮಾಧಾನವಾಗಲಿಲ್ಲ, ಭಾರವೇ ಆಯಿತು. "ಈಗ ಅವ್ರ ಹಸಿವೂ ನಾನ ಹೊರಬೇಕೇನು?" ಎಂದಳು. ಹಳಿಯಾಳದ ಆ ಚಾಪೆಯ ಮೇಲೆ ಇಬ್ಬರೂ ತಲೆ ತಗ್ಗಿಸಿ, ಒಬ್ಬರ ಪಕ್ಕದಲ್ಲಿ ಒಬ್ಬರು ಕುಳಿತಿರುತ್ತಿದ್ದರು.

ಯುದ್ಧ ಮುಗಿಯಿತು. ಗುಳಿಗೆ ಮತ್ತೆ ಸಿಗತೊಡಗಿತು. ನನ್ನ ಹೆಂಡತಿಗೆ ಆ ಹೊತ್ತಿಗೆ ಕೆಮ್ಮು ಹತ್ತಿತ್ತು. ಎದೆ ಹಾಳಾಗಿದೆ, ಇನ್ನು ಮಾಡುವುದೇನೂ ಇಲ್ಲ ಎಂದು ಹಳಿಯಾಳದ ಡಾಕ್ಟರು ನನ್ನನ್ನು ಹೊರಗೆ ಕರೆದು ಹೇಳಿದರು. ನಾನು ಡಿಪೋಕ್ಕೆ ಹೋದಾಗ ಅವಳನ್ನು ನೋಡಿಕೊಂಡವಳು ಅಕ್ಕ. ಉಗುಳುವ ತಾಟು ತೊಳೆಯುವುದು, ಗಂಜಿ ಕುಡಿಸುವುದು, ಮೈ ಒರೆಸುವುದು ಎಲ್ಲವೂ ಅಕ್ಕನೇ. ಇಬ್ಬರ ನಡುವೆ ಮಾತು ಕಡಿಮೆ. "ಬಿಸಿ ಐತಿ, ಆರಲಿ." "ಸಾಕ್ರಿ ಅಕ್ಕಾರ." ಅಷ್ಟೇ.

ಅವಳು ಇನ್ನು ಹೆಚ್ಚು ದಿನ ಉಳಿಯುವುದಿಲ್ಲ ಎಂದು ತಿಳಿದು ಅಯ್ಯನವರೇ ದಾಂಡೇಲಿಗೆ ಬಂದರು. ಹಾಸಿಗೆ ಹಿಡಿದವರಿಗೆ ಭೋಜನ ಕೊಡಲು ಅವರಲ್ಲಿ ಒಂದು ಸಣ್ಣ ಬಟ್ಟಲು ಇತ್ತು. ಅದನ್ನು ಬಿಳಿ ಬಟ್ಟೆಯ ಮೇಲೆ ಇಟ್ಟು, ಅವಳ ತಲೆದೆಸೆಯಲ್ಲಿ ಕುಳಿತು, ಮೆಲ್ಲಗೆ ಅದೇ ಪ್ರಶ್ನೆಯನ್ನು ಕೇಳಿದರು. ಅಕ್ಕ ಬಾಗಿಲಲ್ಲಿ ನಿಂತಿದ್ದಳು. ನಾನು ಮನಸ್ಸಿನಲ್ಲೇ, ಇಲ್ಲ ಅನ್ನು, ಇದೊಂದು ಸಲ ಇಲ್ಲ ಅನ್ನು ಎಂದು ಬೇಡುತ್ತಿದ್ದೆ.

ಅವಳು ಬಟ್ಟಲನ್ನು ಬಹಳ ಹೊತ್ತು ನೋಡಿದಳು. ಆ ನೋಟವನ್ನು ನಾನು ಮರೆಯಲಾರೆ.

"ಐತ್ರಿ ಅಯ್ಯನವರ," ಎಂದಳು. "ಮದಲಿನಷ್ಟಿಲ್ಲ. ಆದ್ರ ಐತಿ."

ಅಯ್ಯನವರು ಒಳ್ಳೆಯವರು. "ಎಷ್ಟು ಐತಿ ಅಂತ ಅಳಿಯಾಕ ನಾ ಬಂದಿಲ್ಲವ್ವಾ," ಎಂದರು. "ನಿನಗ ಬೇಕೇನು? ಬೇಕಂದ್ರ ನಾ ಕೊಡ್ತೇನಿ."

"ಬೇಕ್ರಿ. ಆದ್ರ ಇವತ್ತ ಬ್ಯಾಡ. ನಾಳೆ ಮುಂಜಾನೆ ಬರ್ತೀರೇನು?"

ಬರುತ್ತೇನೆ ಎಂದರು. ಬಟ್ಟಲನ್ನು ಸುತ್ತಿಕೊಂಡು ದರ್ಜಿಯ ಮನೆಗೆ ಇಳಿದುಕೊಳ್ಳಲು ಹೋದರು.

ದೀಪ ಹಚ್ಚುವ ಹೊತ್ತಿಗೆ ಅವಳು ಅಕ್ಕನನ್ನು ಕರೆದು, "ನಿಮ್ಮ ಹುಡುಗನ್ನ ಕರೀರಿ," ಎಂದಳು. ಅಕ್ಕ ಎದ್ದು ಹೋಗಿ ಕರೆದಳು. ಹುಡುಗ ಬಂದು ಬಾಗಿಲಲ್ಲೇ ನಿಂತ. ಈ ಖೋಲಿಯೊಳಗೆ ಅವನು ಕಾಲಿಟ್ಟು ವರ್ಷಗಳಾಗಿದ್ದವು.

"ಹತ್ರ ಬಾ," ಎಂದಳು.

ಅವನು ಬಂದ. ಅವಳು ಅವನನ್ನು ನೋಡಿದಳು. ಮುಖ, ಕತ್ತು, ಕೈ, ಕಾಲು, ಒಂದೊಂದಾಗಿ ನೋಡಿದಳು. ಹೊದಿಕೆಯ ಒಳಗಿನಿಂದ ಅವಳ ಕೈ ಹೊರಗೆ ಬಂತು. ಅವನ ಕಡೆ ಸ್ವಲ್ಪ ಸರಿದು ಅಲ್ಲೇ ನಿಂತಿತು.

"ನಿನಗ ಈಗ ಜ್ವರ ಬರ್ತಾವೇನು?"

"ಇಲ್ರಿ ಅತ್ತಿ."

"ಬರೂದು ಬ್ಯಾಡ," ಎಂದಳು. ಸ್ವಲ್ಪ ಉಸಿರು ತೆಗೆದುಕೊಂಡು ಇನ್ನೊಮ್ಮೆ, "ಬರೂದು ಬ್ಯಾಡ," ಎಂದಳು. ಆಮೇಲೆ, "ಸಾಕು, ಹೋಗು," ಎಂದು ಗೋಡೆಯ ಕಡೆ ಮುಖ ಮಾಡಿದಳು. ಅವನು ಹೋದ ಮೇಲೆ ನನಗೆ ಮಾತ್ರ ಕೇಳುವಂತೆ ಹೇಳಿದಳು: "ಇವತ್ತ ಇಷ್ಟ ಆತ್ರಿ. ನಾಳೆ ನೋಡೂಣು."

ಬೆಳಕು ಹರಿಯುವಾಗ ಉಸಿರು ನಿಂತಿತು. ಅಯ್ಯನವರು ಬಿಳಿ ಬಟ್ಟೆಯ ಗಂಟು ಹಿಡಿದು ಬಂದಾಗ ಅಕ್ಕ ಅವಳ ಮೈ ತೊಳೆಯಲು ನೀರು ಕಾಯಿಸುತ್ತಿದ್ದಳು. ಅವರು ಗಂಟನ್ನು ಬಿಚ್ಚಲಿಲ್ಲ. ಸಮಾಧಿಯ ಬಳಿ, ಈ ತಾಯಿ ಎಲ್ಲರನ್ನೂ ಕ್ಷಮಿಸಿ ನಿರ್ಮಲವಾಗಿ ಹೋದಳು ಎಂದು ಪ್ರಾರ್ಥಿಸಿದರು. ನಮ್ಮನ್ನು ಸಂತೈಸಲೆಂದೇ ಹಾಗೆ ಹೇಳಿದರು. ಜನ ಅದನ್ನೇ ಹಿಡಿದುಕೊಂಡರು.

ಎಲ್ಲರೂ ಹೋದ ಮೇಲೆ ಅಕ್ಕ ನನ್ನ ಬಳಿ ಕುಳಿತಳು. "ತಮ್ಮಾ, ಅಯ್ಯನವರು ಅಂದದ್ದು ಖರೇ ಏನೋ? ಅಕಿ ನನ್ನ ಕ್ಷಮಿಸಿದ್ಲೇನು? ನಿನ್ನ ಮುಂದ ಏನರೆ ಅಂದ್ಲೇನು?"

ಹೌದು ಎಂಬ ಒಂದು ಮಾತು ಸಾಕಾಗಿತ್ತು. ಅಕ್ಕ ಉಳಿದ ಆಯುಷ್ಯವನ್ನು ಆ ಮಾತಿನ ಮೇಲೆ ಕಳೆಯುತ್ತಿದ್ದಳು. ನನ್ನ ಬಾಯಿಗೆ ಅದು ಬಂದಿತ್ತು ಕೂಡ. ಆದರೆ ನನ್ನ ಹೆಂಡತಿ ಇಷ್ಟು ವರ್ಷ ಹಸಿದು ಕುಳಿತು ಕಾಯ್ದುಕೊಂಡದ್ದನ್ನು, ಅವಳನ್ನು ಮಣ್ಣು ಮಾಡಿದ ದಿನವೇ ನಾನು ಹೇಗೆ ಕೆಡಿಸಲಿ?

"ಇಲ್ಲಕ್ಕಾ," ಎಂದೆ. "ಆದ್ರ ಅತ್ತಾಗ ಹೊಂಟಿದ್ಲು. ಬಾಳ ದೂರ ಹೋಗಿದ್ಲು."

ಅಕ್ಕ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಆಮೇಲೆ, "ಅಷ್ಟು ಹೋದ್ಲಲ್ಲ," ಎಂದು, ಮಗನಿಗೆ ಗಂಜಿ ಕಾಸಲು ಎದ್ದು ಹೋದಳು.