ಚಿಕ್ಕಮ್ಮನ ಕೈ

ನನ್ನ ಚಿಕ್ಕಮ್ಮ ಇಪ್ಪತ್ತೆರಡು ವರ್ಷ ಆಸ್ಪತ್ರೆಯ ವಾರ್ಡು ಒರೆಸಿದವಳು. ಅವಳನ್ನು ನಮ್ಮ ಲ್ಯಾಬಿನ ಒಂದು ಪ್ರಯೋಗಕ್ಕೆ ಸೇರಿಸಿದ ಮಹಾ ಬುದ್ಧಿವಂತೆ ನಾನೇ. ಬಾಹ್ಯಾಕಾಶ ನೌಕೆಯಂತೆ ಕಟ್ಟಿದ, ಕಿಟಕಿಯಿಲ್ಲದ ಮನೆಯೊಳಗೆ ಆರು ಜನ ನಾಲ್ಕು ತಿಂಗಳು ಇರಬೇಕಿತ್ತು. ಹೊರಗಿನ ಮಣ್ಣು, ಜನ ಯಾವುದೂ ಸೋಕದಿದ್ದರೆ ಮೈಮೇಲಿನ ಬ್ಯಾಕ್ಟೀರಿಯಾ ಏನಾಗುತ್ತವೆ ಎಂದು ನೋಡುವುದು. ಪ್ರತಿ ಸೋಮವಾರ ಅವರು ಅಂಗೈ ಸವರಿದ ಹತ್ತಿಕಡ್ಡಿಗಳನ್ನು ಗೋಡೆಯ ಗೂಡಿನಲ್ಲಿಡುತ್ತಿದ್ದರು. ಲ್ಯಾಬಿನಲ್ಲಿ ಅವನ್ನು ಪರೀಕ್ಷಿಸುವ ಕೆಲಸ ನನ್ನದು. ತನ್ನ ಮಗಳ ಹೆರಿಗೆಗೆ ಮೊದಲು ಹೊರಗೆ ಬಿಡಬೇಕು ಎಂಬ ಒಂದೇ ಮಾತಿನ ಮೇಲೆ ಚಿಕ್ಕಮ್ಮ ಒಪ್ಪಿದ್ದಳು.

ಎಂಟನೇ ವಾರಕ್ಕೆ ಐವರ ಬ್ಯಾಕ್ಟೀರಿಯಾ ಒಡಹುಟ್ಟಿದವರಂತೆ ಹೋಲತೊಡಗಿದವು. ಚಿಕ್ಕಮ್ಮನ ಕಡ್ಡಿಯಲ್ಲಿ ಮಾತ್ರ ಹೆಚ್ಚುಕಮ್ಮಿ ಏನೂ ಇಲ್ಲ. ಹೊಸದೇನೋ ಸಿಕ್ಕಿತೆಂದು ಮೇಲಧಿಕಾರಿಗಳು ಕುಣಿದಾಡಿದರು. ನನಗೆ ಅನುಮಾನ ಬಂತು. ಫೋನೆತ್ತಿ ಕೇಳಿದೆ.

"ಚಿಕ್ಕಮ್ಮ, ನಿಜ ಹೇಳು. ಕೈ ತೊಳ್ಕೊಂಡು ಕಡ್ಡಿ ಕೊಡ್ತಿದೀಯಾ?"

"ಸೋಪು ಮುಟ್ಟಬೇಡ ಅಂದಿದ್ದೆ ನೀನು, ಮುಟ್ಟಿಲ್ಲ ಕಣೇ. ಔಷಧಿ ಪೆಟ್ಟಿಗೇಲಿ ಸ್ಪಿರಿಟ್ ಇತ್ತಲ್ಲ, ಅದ್ರಲ್ಲೇ ಒರೆಸ್ಕೋತೀನಿ. ಗಲೀಜು ಕೈ ಸವರಿದ ಕಡ್ಡೀನ ನಿನ್ ಲ್ಯಾಬಿಗೆ ಕಳಿಸೋಕಾಗುತ್ತಾ?"

ತಲೆ ತಲೆ ಚಚ್ಚಿಕೊಂಡೆ. ಸೋಪು ಬೇಡ ಎಂದವಳು ನಾನು. ಸ್ಪಿರಿಟ್ಟೂ ಬೇಡ ಎನ್ನಲು ನನ್ನ ಬಾಯಿಗೇನು ರೋಗ ಬಂದಿತ್ತು? ಅವಳ ಎಂಟು ವಾರ ನೀರಲ್ಲಿ ಹೋಮ. ಅವಳು ಅರ್ಧಕ್ಕೇ ಹೊರಬಂದರೆ ಆರು ಜನರ ಪ್ರಯೋಗವೂ ಕೆಡುತ್ತದೆ. ಕೊನೆಗೆ ಎಲ್ಲರೂ ಎರಡು ತಿಂಗಳು ಹೆಚ್ಚು ಇರುವುದೆಂದಾಯಿತು. ಉಳಿದವರು ಗೊಣಗಿಕೊಂಡೇ ಒಪ್ಪಿದರು.

"ನೀನು ಬೇಕಾದ್ರೆ ಬಂದ್ಬಿಡು ಚಿಕ್ಕಮ್ಮ. ನಿನ್ ಮಗಳ ಹೆರಿಗೆ..."

"ನನ್ನಿಂದ ಐದು ಜನರ ಕೆಲಸ ಹಾಳಾಗೋದ್ ಬೇಡ. ಇರ್ತೀನಿ. ಇನ್ಮೇಲೆ ಏನೇನು ಮುಟ್ಟಬಾರ್ದು, ಪೂರ್ತಿ ಹೇಳು."

ಪೂರ್ತಿ ಹೇಳಿದೆ. ಸಿಟ್ಟಿನಲ್ಲಿ ಬೇಕಾದ್ದಕ್ಕಿಂತ ಹೆಚ್ಚೇ ಹೇಳಿದೆ: ನಾನು ಹೇಳುವ ತನಕ ಸೋಪು, ಸ್ಪಿರಿಟ್ ಯಾವುದೂ ಕೈಗೆ ಸೋಕಬಾರದು. ಪ್ರತಿ ಸೋಮವಾರ ಮತ್ತೆ ಮತ್ತೆ ಕೇಳಿ ಅವಳ ಜೀವ ತಿಂದೆ. ಮೊಮ್ಮಗಳು ಹುಟ್ಟಿದ್ದನ್ನು ಅವಳು ಅಂಗೈಯಗಲದ ಪರದೆಯಲ್ಲಿ ನೋಡಿದಳು. ಅವಳ ಕಡ್ಡಿಗಳೂ ಉಳಿದವರ ಕಡ್ಡಿಗಳಂತೆಯೇ ಆದವು. ಈಗ ಆರೂ ಜನರ ಬ್ಯಾಕ್ಟೀರಿಯಾ ನಿನ್ನ ಕೈಮೇಲಿವೆ ಎಂದು ಅವಳಿಗೆ ಫೋನಿನಲ್ಲಿ ಹೇಳಿದೆ. ಮೇಲಧಿಕಾರಿಗಳು ನನ್ನನ್ನು ಹೊಗಳಿದರು. ಆ ಹೊಗಳಿಕೆ ಕೇಳಿ ನನಗೆ ಮೈ ಉರಿಯಿತು.

ಹೊರಬಂದ ದಿನ ಚಿಕ್ಕಮ್ಮನನ್ನು ನೇರ ಮಗಳ ಮನೆಗೆ ಕರೆದೊಯ್ದೆ. ಅವಳ ಮಗಳು, ಅಂದರೆ ನನ್ನ ತಂಗಿ, ಮಗುವನ್ನು ಮುಂದೆ ಹಿಡಿದಳು. ಚಿಕ್ಕಮ್ಮ ಕುರ್ಚಿಯಲ್ಲಿ ಕೂತು ಕೈಗಳನ್ನು ಬೆನ್ನ ಹಿಂದೆ ಇಟ್ಟುಕೊಂಡಳು.

"ಅಷ್ಟೂ ಜನರದ್ದು ನನ್ ಕೈಮೇಲಿದೆ ಅಂತ ನೀನೇ ಹೇಳಿದ್ದು," ಎಂದಳು ನನ್ನ ಕಡೆ ನೋಡಿ. "ಈಗ ತೊಳ್ಕೊಬೋದಾ?"