ಒದರಿದ್ರ ಓ ಅನಬ್ಯಾಡ್ರಿ

ಹಾವು ಕಚ್ಚಬಹುದಿತ್ತು. ಕೊಳವೆಬಾವಿಯ ಗಡಸು ನೀರಿಗೆ ಕಿಡ್ನಿಯಲ್ಲಿ ಕಲ್ಲಾಗಬಹುದಿತ್ತು. ಗುಡ್ಡದ ಬಂಡೆಯೊಂದು ಉರುಳಿ ನೇರ ನನ್ನ ಮಂಚಕ್ಕೇ ಬರಬಹುದಿತ್ತು. ಇತ್ತ ಮಂಡ್ಯದ ಮನೆಯಲ್ಲಿ ಅಮ್ಮ ಬಚ್ಚಲಲ್ಲಿ ಜಾರಬಹುದಿತ್ತು, ಹೆಂಡತಿ ಅದನ್ನು ನನ್ನಿಂದ ಮುಚ್ಚಿಡಬಹುದಿತ್ತು. ವಾಪಸು ವರ್ಗವೇ ಆಗದೆ ನಿವೃತ್ತಿಯವರೆಗೂ ಅಲ್ಲೇ ಕೊಳೆಯಬಹುದಿತ್ತು. ಶಹಾಪುರದ ಕಡೆಗೆ ವರ್ಗವಾದಾಗ ನಾನು ಇಷ್ಟಕ್ಕೂ ಹೆದರಿಕೊಂಡೇ ಬಸ್ಸು ಹತ್ತಿದ್ದೆ. ದೆವ್ವ, ಪವಾಡಗಳಿಗೆ ಮಾತ್ರ ಹೆದರಿರಲಿಲ್ಲ. ಅವುಗಳಲ್ಲಿ ನಂಬಿಕೆ ಇರಲಿಲ್ಲ. ಇರುವ ಸಂಗತಿಗಳಿಗೆ ಹೆದರಿ ಮುಗಿಸಲಿಕ್ಕೇ ನನಗೆ ದಿನ ಸಾಲುತ್ತಿರಲಿಲ್ಲ.

ಕಚೇರಿ ಭೀಮರಾಯನಗುಡಿಯಲ್ಲಿ. ಮನೆ ಸಿಕ್ಕಿದ್ದು ಸುರಪುರದ ದಾರಿಯ ಒಂದು ಸಣ್ಣ ಯಾತ್ರೆಯ ಊರಿನಲ್ಲಿ. ಊರ ಬೆನ್ನಿಗೆ ಬಂಡೆಗಳ ಗುಡ್ಡ, ಅದರ ಮೇಲೆ ಶರಣರೊಬ್ಬರ ಗದ್ದುಗೆ. ಕೆಲವರು ಕಾಯಿ ಒಡೆಸುತ್ತಾರೆ, ಕೆಲವರು ಮುಲ್ಲಾರ ಕೈಲಿ ಸಕ್ಕರೆ ಓದಿಸುತ್ತಾರೆ. ಎಲ್ಲರಿಗೂ ಅವರು ಅಜ್ಜಾವ್ರು. ಅಲ್ಲಿನ ಕನ್ನಡ ನನಗೆ ಅರ್ಧ ಅರ್ಥವಾಗುತ್ತಿತ್ತು. ಉಳಿದರ್ಧ ಬೈಗುಳವೆಂದುಕೊಳ್ಳುತ್ತಿದ್ದೆ. ನನ್ನ ಕನ್ನಡ ಕೇಳಿ ಮನೆಯ ಒಡತಿ ಖಾಜಾಬಿಯವರು, "ನೀವು ಮೈಸೂರ ಕಡಿಯವ್ರು ಹಾಡಿದಂಗ ಮಾತಾಡ್ತೀರಿ. ಜಗಳ ಹೆಂಗ ಮಾಡ್ತೀರಿ?" ಎಂದು ನಕ್ಕಿದ್ದರು.

ಕೀಲಿ ಕೊಡುವಾಗಲೇ ಅವರು ಒಂದು ಮಾತು ಹೇಳಿದ್ದರು. "ಸಾಹೇಬ್ರ, ಗುಡ್ಡದ ಮ್ಯಾಲಿಂದ ಒದರಿದ್ರ ಓ ಅನಬ್ಯಾಡ್ರಿ."

ನಮ್ಮ ಕಡೆ ಒದರುವುದೆಂದರೆ ಚಾಪೆ, ಕಂಬಳಿ ಕೊಡವುವುದು. ಯಾತ್ರಿಕರು ಮೇಲೆ ಜಮಖಾನ ಕೊಡವಿ ದೂಳು ಬಿದ್ದರೆ ಗಲಾಟೆ ಮಾಡಬೇಡಿ ಎನ್ನುತ್ತಿದ್ದಾರೆ ಎಂದುಕೊಂಡೆ. ಮೊದಲೇ ನನಗೆ ದೂಳೆಂದರೆ ಸೀನು. ಅಂದಿನಿಂದ ಅಂಗಳಕ್ಕೆ ಇಳಿದಾಗಲೆಲ್ಲ ಮೂಗಿಗೆ ಕರವಸ್ತ್ರ ಕಟ್ಟಿಕೊಂಡೆ. ಹೊಸ ಬಾಡಿಗೆದಾರನಿಗೆ ಏನೋ ರೋಗವಿದೆ ಎಂದು ಓಣಿಯಲ್ಲಿ ಮಾತಾಯಿತು.

ಬೇಸಗೆಯ ಒಂದು ಭಾನುವಾರ, ಊಟ ಮುಗಿದ ಹೊತ್ತು. ಬೇವಿನ ಕೆಳಗಿನ ಆಡುಗಳೂ ಅಲುಗದಂಥ ಬಿಸಿಲು. ಹಗ್ಗದ ಮೇಲಿನ ಬಟ್ಟೆ ತೆಗೆಯುತ್ತಿದ್ದೆ. ಗುಡ್ಡದ ಕಡೆಯಿಂದ ಅಮ್ಮನ ದನಿ ಬಂತು. "ಪುಟ್ಟೂ..."

ಮೊದಲಕ್ಷರ ಗಟ್ಟಿ, ಕೊನೆಯದು ಬಾವಿಗೆ ಬಿಟ್ಟ ಹಗ್ಗದ ಹಾಗೆ ಉದ್ದ. ಚಿಕ್ಕಂದಿನಿಂದ ನನ್ನನ್ನು ಊಟಕ್ಕೆ ಕರೆದ ದನಿ. ಆ ಹೆಸರಿನಿಂದ ನನ್ನನ್ನು ಕರೆಯುವವರು ಅಮ್ಮನ ಹೊರತು ಯಾರೂ ಇಲ್ಲ. ಸದಾ ಹತ್ತು ಸಲ ಯೋಚಿಸುವ ನಾನು ಆಗ ಒಂದು ಸಲವೂ ಯೋಚಿಸಲಿಲ್ಲ. ಕೈಯಲ್ಲಿ ಬನಿಯನ್ನು ಹಿಡಿದುಕೊಂಡೇ "ಓ, ಬಂದೆ" ಎಂದೆ.

ಅಮ್ಮ ಮಂಡ್ಯದಲ್ಲಿದ್ದಾಳೆಂಬುದು ನೆನಪಾದದ್ದು ಆಮೇಲೆ. ಗುಡ್ಡದ ಮೇಲೆ ಒಂದು ನರಪಿಳ್ಳೆಯೂ ಇರಲಿಲ್ಲ.

"ಯಾರಿಗಿ ಓ ಅಂದ್ರಿ?" ಖಾಜಾಬಿಯವರು ಬಾಗಿಲಿಗೆ ಬಂದಿದ್ದರು.

"ಅಮ್ಮ ಕೂಗಿದ ಹಾಗಾಯ್ತು."

"ಯಾರೂ ಒದರಿಲ್ಲಲ್ರಿ. ನಾ ಇಲ್ಲೇ ಕುಂತೀನಿ."

ಒದರುವುದೆಂದರೆ ಅಲ್ಲಿ ಕೂಗಿ ಕರೆಯುವುದು ಎಂದು ನನಗೆ ಹೊಳೆದದ್ದು ಆ ಕ್ಷಣ. ಅವರು ನನ್ನನ್ನು ಕಟ್ಟೆಯ ಮೇಲೆ ಕೂರಿಸಿ, ನೀರು ಕೊಟ್ಟು ಹೇಳಿದರು. ಗದ್ದುಗೆಗೆ ಬಂದವರು, ಬರಲಾಗದೆ ಮನೆಯಲ್ಲುಳಿದವರ ಹೆಸರು ಹಿಡಿದು ಮೇಲಿನಿಂದ ಕೂಗುತ್ತಾರೆ. ಅವರೂ ಬಂದ ಲೆಕ್ಕ.

"ಓ ಅನ್ನಾದು ಅಜ್ಜಾವ್ರ ಕೆಲಸ. ನಡುವ ನೀವು ಅಂದ್ರ, ಕರ್ದದ್ದು ಇಲ್ಲೇ ಉಳೀತದ. ಬಂದ ದಿನಾನ ಹೇಳಿದ್ನಿಲ್ರಿ? ಮೂಗು ಕಟ್ಟಿಗೊಂಡು ಅಡ್ಡಾಡಿದ್ರಿ. ಕಿವಿ ಕಟ್ಟಿಗೋಬೇಕಿತ್ತು."

ತಕ್ಷಣ ಮನೆಗೆ ಫೋನು ಮಾಡಿದೆ. ಅಮ್ಮ ಹುಷಾರಾಗಿದ್ದಳು, ಮಧ್ಯಾಹ್ನದ ನಿದ್ದೆ ಕೆಟ್ಟಿತೆಂದು ಬೈದಳು. ಮಾತಿನ ನಡುವೆ ಒಂದೊಂದು ಪದ ನುಂಗಿಹೋಗುತ್ತಿತ್ತು. ನೆಟ್‌ವರ್ಕ್ ಎಂದುಕೊಂಡೆ.

ಕರೆದದ್ದು ಉಳಿಯುತ್ತದೆಂದರೆ ಕರೆಸಿಕೊಂಡ ನಾನು ಉಳಿಯುತ್ತೇನೆ ಎಂದೇ ಅರ್ಥ ಮಾಡಿಕೊಂಡಿದ್ದೆ. ಊರು ಸೇರುವ ಆಸೆ ಬಿಟ್ಟೆ. ಅಮ್ಮನ ಕೈಯ ಊಟ ಇನ್ನು ರಜೆಗೆ ಮಾತ್ರ ಎಂದು ಮನಸ್ಸನ್ನು ಒಪ್ಪಿಸತೊಡಗಿದೆ. ಆದರೆ ಮರುವರ್ಷ ಮಂಡ್ಯಕ್ಕೇ ವರ್ಗವಾಯಿತು. ಹಾವು ಕಚ್ಚಲಿಲ್ಲ, ಕಲ್ಲಾಗಲಿಲ್ಲ, ಅಮ್ಮ ಜಾರಲಿಲ್ಲ. ಹೊರಡುವಾಗ ಖಾಜಾಬಿಯವರು ನನ್ನ ಮುಖವನ್ನೇ ನೋಡಿ, "ಹುಷಾರ್ರಿ" ಎಂದರು. ಅಷ್ಟೇ.

ನೀವು ನಂಬಬೇಕೆಂದು ಇದನ್ನು ಬರೆಯುತ್ತಿಲ್ಲ. ನನಗೇ ಇದರ ತಲೆಬುಡ ಗೊತ್ತಾಗಿಲ್ಲ. ಕಿವಿಯ ಡಾಕ್ಟರು ಪರೀಕ್ಷೆ ಮಾಡಿ ಏನೂ ತೊಂದರೆಯಿಲ್ಲ ಎಂದಿದ್ದಾರೆ. ಹೆಂಡತಿ, "ಗಂಡಸರಿಗೆಲ್ಲ ಇರೋ ಕಾಯಿಲೆ ಬಿಡಿ" ಎಂದು ತೀರ್ಪು ಕೊಟ್ಟಿದ್ದಾಳೆ. ಕುಕ್ಕರಿನ ಸೀಟಿ ಕೇಳುತ್ತದೆ. ಅಮ್ಮನ ಕೆಮ್ಮು, ಬೈಗುಳ, ಬಳೆ ಸದ್ದು ಕೂಡ ಕೇಳುತ್ತದೆ. ಅವಳು ನನ್ನನ್ನು ಕರೆಯುವ ಆ ಹೆಸರೊಂದು ಮಾತ್ರ ಕೇಳುವುದಿಲ್ಲ. ಎದುರಿಗೇ ಕೂತಿದ್ದರೂ ತುಟಿ ಅಲುಗುವುದಷ್ಟೇ ಕಾಣುತ್ತದೆ.

ಮೊದಮೊದಲು ಅಮ್ಮ, "ಎಷ್ಟು ಸಲ ಕೂಗಬೇಕೋ ನಿನ್ನ?" ಎಂದು ರೇಗುತ್ತಿದ್ದಳು. ಈಗ ಕೂಗುವುದಿಲ್ಲ. ತಟ್ಟೆ ಹಾಕಿ, ಎದ್ದು ಬಂದು, ಸುಮ್ಮನೆ ಭುಜ ಮುಟ್ಟುತ್ತಾಳೆ.